ಅಜ್ಜನ ಕಾರು ಓಡುತ್ತದೆ, ಸರಿ, ನಿಲ್ಲುತ್ತದೆಯೇ?

ನಮ್ಮ ಊರುಗಳ ಹಳೆಯ ಮನೆಗಳ ಹಿತ್ತಲಿನ ಷೆಡ್ಡಿನಲ್ಲಿ ಒಂದು ಅಂಬಾಸಿಡರ್ ಅಥವಾ ಫಿಯಟ್ ಇನ್ನೂ ನಿಂತಿರುವುದುಂಟು. ಮೇಲೆ ಟಾರ್ಪಾಲಿನ ಹೊದಿಕೆ, ಹೊದಿಕೆಯ ಮೇಲೆ ಬೆಕ್ಕು, ಡಿಕ್ಕಿಯೊಳಗೆ ಒಣಗಿದ ತೆಂಗಿನಕಾಯಿ. ಹಿರಿಯರು ಕೊಂಡದ್ದೆಂಬ ಮಮತೆ. ಹಾಗಾಗಿ ಮಾರಲು ಮನಸ್ಸಿಲ್ಲ, ಓಡಿಸುವವರೂ ಇಲ್ಲ. ಒಂದು ದಿನ ಕಾಲೇಜಿಗೆ ಹೋಗುವ ಮೊಮ್ಮಗನ ಕಣ್ಣು ಅದರ ಮೇಲೆ ಬೀಳುತ್ತದೆ. ಅಕ್ಕನ ಮದುವೆಯ ದಿಬ್ಬಣ ಅಜ್ಜನ ಕಾರಿನಲ್ಲೇ ಹೋಗಬೇಕೆಂದು ಹಟ ಹಿಡಿಯುತ್ತಾನೆ. ಹೊಸ ಬ್ಯಾಟರಿ ಬರುತ್ತದೆ. ಟಿಂಕರಿಂಗ್ ಆಗುತ್ತದೆ, ಬಣ್ಣವಾಗುತ್ತದೆ, ಬಂಪರಿಗೆ ಕನ್ನಡಿಯಂಥ ಹೊಳಪು ಬರುತ್ತದೆ. ಎಂಜಿನ್ ಗುಡುಗಿದೊಡನೆ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಾರೆ.

ಎಂಜಿನ್ ಶುರುವಾಗುವುದು ದೊಡ್ಡ ವಿಷಯವಲ್ಲ. ಹಳೆಯ ಎಂಜಿನ್ನುಗಳು ಸರಳ. ಗಾಳಿ, ಪೆಟ್ರೋಲು, ಕಿಡಿ ಈ ಮೂರು ಸಿಕ್ಕಿದರೆ ಹತ್ತು ವರ್ಷ ಮಲಗಿದ್ದ ಕಾರೂ ಎದ್ದು ಕೂರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಇದು ನಿಲ್ಲುತ್ತದೆಯೇ? ಹಳೆಯ ಕಾರುಗಳಿಗೆ ಖರ್ಚು ಮಾಡುವವರಲ್ಲಿ ಹೆಚ್ಚಿನವರು ಕಣ್ಣಿಗೆ ಕಾಣುವ ಭಾಗಗಳಿಗೇ ಹಣ ಸುರಿಯುತ್ತಾರೆಂಬುದು ನಾನು ಕಂಡ ಸಂಗತಿ. ಜೀವ ಕಾಯುವ ಭಾಗಗಳಾದರೋ ಚಕ್ರದ ಹಿಂದೆ, ಕೊಳೆ ಮತ್ತು ಗ್ರೀಸಿನ ನಡುವೆ ಅಡಗಿರುತ್ತವೆ.

ಈ ಕಾರುಗಳ ಹುಟ್ಟನ್ನು ಸ್ವಲ್ಪ ನೆನೆಯೋಣ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯ ಭಾರತೀಯ ರೂಪ. 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ ತಯಾರಾಯಿತು. ಇಟಲಿಯ ಫಿಯಟ್ 1100 ಮುಂಬಯಿಯಲ್ಲಿ ತಯಾರಾಗಿ, 1970ರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಪಡೆಯಿತು. ಎರಡರ ಮೂಲ ವಿನ್ಯಾಸವೂ ರಸ್ತೆಯಲ್ಲಿ ಎತ್ತಿನಗಾಡಿಗಳೇ ಹೆಚ್ಚಿದ್ದ ಕಾಲದ್ದು. ಈಗ ಇವೇ ಕಾರುಗಳು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಾಗುವ ವಾಹನಗಳ ನಡುವೆ ನುಸುಳಬೇಕು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಚಕ್ರಗಳು ಕಚ್ಚಿಕೊಂಡು ಜಾರದಂತೆ ಬ್ರೇಕನ್ನು ತಾನೇ ಹಿಡಿದು ಬಿಡುವ ವ್ಯವಸ್ಥೆ ಅದು. ನಿಮ್ಮ ಮುಂದಿರುವ ಹೊಸ ಕಾರು ಗಕ್ಕನೆ ನಿಲ್ಲುತ್ತದೆ. ಹಿಂದಿರುವ ಅಜ್ಜನ ಕಾರು ಹಾಗೆ ನಿಲ್ಲದು. ಅಪಾಯವಿರುವುದು ಇಲ್ಲಿ.

ವೇಗ ಎರಡರಷ್ಟು, ಶಕ್ತಿ ನಾಲ್ಕರಷ್ಟು

ಹತ್ತನೆಯ ತರಗತಿ ದಾಟಿದ ವಿದ್ಯಾರ್ಥಿಗಳಿಗೆ ಚಲನಶಕ್ತಿಯ ಸೂತ್ರ ಗೊತ್ತಿದೆ: ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡುವುದು. ಪರೀಕ್ಷೆಯಲ್ಲಿ ಎರಡು ಅಂಕ ತಂದುಕೊಡುವ ಈ ಸೂತ್ರವನ್ನು ರಸ್ತೆಗೆ ತಂದು ನೋಡೋಣ. ಜನ, ಸಾಮಾನು ಎಲ್ಲ ಸೇರಿ ಅಂಬಾಸಿಡರಿನ ರಾಶಿ ಸುಮಾರು 1400 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 22 ಮೀಟರಿಗೂ ತುಸು ಹೆಚ್ಚು. ಲೆಕ್ಕ ಹಾಕಿದರೆ ಚಲನಶಕ್ತಿ ಹತ್ತಿರ ಹತ್ತಿರ 3.5 ಲಕ್ಷ ಜೂಲ್. ಕಾರು ನಿಲ್ಲಬೇಕಾದರೆ ಇಷ್ಟೂ ಶಕ್ತಿ ಎಲ್ಲಿಗಾದರೂ ಹೋಗಬೇಕಲ್ಲ? ಬಹುಪಾಲು ಬ್ರೇಕಿನೊಳಗೆ ಘರ್ಷಣೆಯಿಂದ ಶಾಖವಾಗಿ ಮಾರ್ಪಡುತ್ತದೆ. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ ಅದು. ಅಡುಗೆಮನೆಯ ಗ್ಯಾಸ್ ಒಲೆಗೆ ಹಲವು ನಿಮಿಷ ಹಿಡಿಯುವ ಕೆಲಸವನ್ನು ಬ್ರೇಕು ಕೆಲವೇ ಸೆಕೆಂಡುಗಳಲ್ಲಿ ಮಾಡುತ್ತದೆ! ವೇಗ 40ಕ್ಕೆ ಇಳಿದರೆ ಶಕ್ತಿ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಹಳೆಯ ಕಾರನ್ನು ನಿಧಾನವಾಗಿ ಓಡಿಸಬೇಕೆಂಬ ಹಿರಿಯರ ಬುದ್ಧಿಮಾತಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಘಟ್ಟ ಇಳಿಯುವಾಗಿನ ಲೆಕ್ಕ ಇನ್ನೂ ಸ್ವಾರಸ್ಯ. ಇದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಸುಮಾರು 68 ಲಕ್ಷ ಜೂಲ್. 80 ಕಿ.ಮೀ. ವೇಗದಿಂದ 20 ಬಾರಿ ಒಂದರ ಹಿಂದೊಂದು ನಿಲ್ಲಿಸಿದಂತೆ! ಆಗುಂಬೆ, ಚಾರ್ಮಾಡಿ, ಶಿರಾಡಿಗಳಲ್ಲಿ ಎರಡನೆಯ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಚಾಲಕರು ಹೇಳುವುದು ಇದಕ್ಕೇ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ನೇ ಕಾರನ್ನು ಹಿಡಿದೆಳೆದು ಶಾಖದ ದೊಡ್ಡ ಪಾಲನ್ನು ತಾನು ವಹಿಸಿಕೊಳ್ಳುತ್ತದೆ.

ಹಳೆಯ ಕಾರುಗಳ ನಾಲ್ಕು ಚಕ್ರಕ್ಕೂ ಇರುವುದು ಡ್ರಮ್ ಬ್ರೇಕು. (ಅಂಬಾಸಿಡರಿನ ಕೊನೆಕೊನೆಯ ಕೆಲವು ಮಾದರಿಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು.) ಡ್ರಮ್ಮಿನ ಒಳಗೆ ಎರಡು ಶೂಗಳು ಹೊರಕ್ಕೆ ಅಗಲಿ ಅದರ ಗೋಡೆಗೆ ಉಜ್ಜುತ್ತವೆ. ಕಾದ ಲೋಹ ಹಿಗ್ಗುತ್ತದೆಂಬುದು ನಿಮಗೆ ಗೊತ್ತು. ಡ್ರಮ್ಮು ಹಿಗ್ಗಿದರೆ ಅದರ ಗೋಡೆ ಶೂಗಳಿಂದ ದೂರ ಸರಿಯುತ್ತದೆ. ಪೆಡಲು ಇನ್ನಷ್ಟು ಕೆಳಕ್ಕೆ ಹೋಗುತ್ತದೆ. ಡಿಸ್ಕ್ ಬ್ರೇಕಿನಲ್ಲಾದರೆ ತಟ್ಟೆ ಹಿಗ್ಗುವುದು ಪ್ಯಾಡಿನ ಕಡೆಗೇ. ಜತೆಗೆ ಡ್ರಮ್ಮಿನೊಳಗಿನ ಶಾಖಕ್ಕೆ ಹೊರಹೋಗಲು ದಾರಿಯೂ ಕಡಿಮೆ, ವಿಪರೀತ ಕಾದ ಲೈನರಿನ ಹಿಡಿತವೂ ಕುಗ್ಗುತ್ತದೆ. ಅತ್ಯಂತ ಅಗತ್ಯವಿದ್ದಾಗಲೇ ಬ್ರೇಕು ಕೈಕೊಡುವುದು ಹೀಗೆ.

ಬ್ರೇಕ್ ಆಯಿಲಿನೊಳಗಿನ ನೀರು

ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡಪ್ಪನ ಅಂಬಾಸಿಡರಿನಲ್ಲಿ ಚಾರ್ಮಾಡಿ ಘಟ್ಟ ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ನಾವು ಐದು ಮಕ್ಕಳು. ಒಂದು ತಿರುವಿನ ಹತ್ತಿರ ದೊಡ್ಡಪ್ಪನ ಕಾಲು ಬ್ರೇಕ್ ಪೆಡಲಿನ ಮೇಲೆ ಪಟಪಟನೆ ಕುಣಿಯತೊಡಗಿತು. ಮರುಕ್ಷಣ ಗೇರು ಕೆಳಗಿಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆದು, ಕಾರನ್ನು ಗುಡ್ಡದ ಬದಿಯ ದರೆಗೆ ಒರಗಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಅರ್ಧ ಗಂಟೆ ಕಳೆದು ನೋಡಿದರೆ ಬ್ರೇಕು ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತಿತ್ತು! ಕೆಳಗಿನ ಊರಿನ ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿ, “ಎಲ್ಲೂ ಲೀಕ್ ಇಲ್ಲ ಸ್ವಾಮಿ, ಬ್ರೇಕ್ ಸರಿಯಾಗೇ ಇದೆ” ಎಂದು ಕೈಚೆಲ್ಲಿದ. ದೊಡ್ಡಮ್ಮ ಮಂಜುನಾಥನಿಗೆ ಕಾಣಿಕೆ ಹಾಕಿದರು.

ನಡೆದದ್ದೇನೆಂದು ನನಗೆ ತಿಳಿದದ್ದು ಬಿಎಸ್ಸಿ ಓದುವಾಗ. ಬ್ರೇಕು ಪ್ಯಾಸ್ಕಲನ ನಿಯಮದ ಮೇಲೆ ನಿಂತಿದೆ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾದ ಒತ್ತಡ, ಕೊಳವೆಗಳ ದ್ರವದ ಮೂಲಕ ನಾಲ್ಕೂ ಚಕ್ರಗಳ ಸಿಲಿಂಡರಿಗೆ ಸಮನಾಗಿ ತಲುಪುತ್ತದೆ. ದ್ರವವನ್ನು ಅದುಮಿ ಕುಗ್ಗಿಸಲಾಗದು ಎಂಬುದೇ ಇಲ್ಲಿನ ಗುಟ್ಟು. ಆದರೆ ನಾವು ಬ್ರೇಕ್ ಆಯಿಲ್ ಎಂದು ಕರೆಯುವ ಆ ದ್ರವ ನಿಜವಾಗಿ ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪು ನೀರೊಡೆಯುವಂತೆ ಇದೂ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ. ‘ಡಾಟ್ 3’ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ಶೇಕಡಾ ನಾಲ್ಕಕ್ಕಿಂತ ಕಡಿಮೆ ನೀರು ಸೇರಿದರೂ ಈ ಮಿತಿ 140ಕ್ಕೆ ಕುಸಿಯುತ್ತದೆ. ಘಟ್ಟದಲ್ಲಿ ಬ್ರೇಕು ಕಾದಾಗ ಚಕ್ರದ ಸಿಲಿಂಡರಿನಲ್ಲಿ ಆಯಿಲ್ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಆವಿಯನ್ನು ಅದುಮಬಹುದು, ಹಾಗಾಗಿ ಪೆಡಲ್ ನೆಲಕ್ಕೆ ತಾಗುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಮೆಕ್ಯಾನಿಕ್‌ಗೆ ಏನೂ ಸಿಗುವುದಿಲ್ಲ.

ಆದ್ದರಿಂದ ಕಾರು ಓಡಲಿ, ಓಡದಿರಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲನ್ನು ಪೂರ್ತಿ ಹೊರತೆಗೆದು ಹೊಸದನ್ನು ತುಂಬಿಸಬೇಕು. ಅರ್ಧ ಉಳಿದ ಹಳೆಯ ಡಬ್ಬಿಯದು ಬೇಡ. ಎಂಜಿನ್ ಆಯಿಲನ್ನಂತೂ ಅಪ್ಪಿತಪ್ಪಿಯೂ ಹಾಕಕೂಡದು. ಖನಿಜ ತೈಲ ತಾಕಿದರೆ ಸಿಲಿಂಡರಿನೊಳಗಿನ ರಬ್ಬರ್ ವಾಷರುಗಳು ಊದಿಕೊಂಡು ಹಾಳಾಗುತ್ತವೆ. ಇಂದಿನ ಕಾರುಗಳಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ದಾರಿಗಳಿರುತ್ತವೆ. ಒಂದು ಸೋರಿದರೆ ಇನ್ನೊಂದು ಕಾರನ್ನು ನಿಲ್ಲಿಸುತ್ತದೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ದಾರಿ. ನಾಲ್ಕು ಚಕ್ರಗಳಲ್ಲಿ ಯಾವುದೋ ಒಂದರ ರಬ್ಬರ್ ಹೋಸ್ ಒಡೆದರೂ ನಾಲ್ಕರ ಬ್ರೇಕೂ ಹೋಯಿತು. ಎರಡು ದಾರಿಯ ಮಾಸ್ಟರ್ ಸಿಲಿಂಡರನ್ನು ಬಲ್ಲವರಿಂದ ಜೋಡಿಸಿಕೊಂಡರೆ ಉತ್ತಮ. ಅದಾಗದಿದ್ದರೆ, ಹ್ಯಾಂಡ್ ಬ್ರೇಕನ್ನಾದರೂ ಸುಸ್ಥಿತಿಯಲ್ಲಿಡಿ. ಅದು ಆಯಿಲನ್ನು ನೆಚ್ಚಿಕೊಂಡಿಲ್ಲ, ತಂತಿಯಿಂದ ಎಳೆಯುವಂಥದ್ದು.

ಉಪಕರಣವಿಲ್ಲದೆಯೇ ತಂದೆತಾಯಿಗಳು ಮಾಡಬಹುದಾದ ಪರೀಕ್ಷೆಯೊಂದಿದೆ. ಕಾರು ನಿಂತಿರುವಾಗ ಬ್ರೇಕನ್ನು ಬಲವಾಗಿ ತುಳಿದು ಒಂದು ನಿಮಿಷ ಹಾಗೇ ಹಿಡಿಯಿರಿ. ಪೆಡಲ್ ಕಲ್ಲಿನಂತೆ ನಿಲ್ಲಬೇಕು. ಮೆಲ್ಲಮೆಲ್ಲನೆ ಕುಸಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ವಾಷರುಗಳು ಸವೆದಿವೆ. ಸ್ಪಂಜು ತುಳಿದಂತಾದರೆ ಒಳಗೆ ಗಾಳಿ ಸೇರಿದೆ. ಬಳಿಕ ನಾಲ್ಕೂ ಚಕ್ರಗಳ ಒಳಮೈಗೆ ಟಾರ್ಚ್ ಬಿಟ್ಟು ನೋಡಿ. ಒದ್ದೆ ಕಂಡರೆ ಕಾರು ಹೊರಡಕೂಡದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತಿತ್ತು. ಡ್ರಮ್ ಬಿಚ್ಚಿದೊಡನೆ ಒಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದುವ ಅಥವಾ ಗಾಳಿಯ ಪೈಪಿನಿಂದ ಹಾರಿಸುವ ಅಭ್ಯಾಸವನ್ನು ಎಷ್ಟೋ ಗ್ಯಾರೇಜುಗಳಲ್ಲಿ ನೋಡಿದ್ದೇನೆ. ಕೆಲಸ ಕಲಿಯಲು ಸೇರಿದ ಹುಡುಗರು ಪಕ್ಕದಲ್ಲೇ ಬಗ್ಗಿ ನಿಂತಿರುತ್ತಾರೆ. ಕಲ್ನಾರಿನ ಸೂಕ್ಷ್ಮ ಎಳೆಗಳು ಶ್ವಾಸಕೋಶದಲ್ಲಿ ನಾಟಿಕೊಂಡರೆ ಹೊರಬರುವುದಿಲ್ಲ. ಕ್ಯಾನ್ಸರಿನಂಥ ಕಾಯಿಲೆ ಹತ್ತಾರು ವರ್ಷಗಳ ನಂತರ ತಲೆದೋರಬಹುದು. ಪುಡಿಯನ್ನು ನೀರಿನಿಂದ ತೋಯಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಧೂಳನ್ನು ತಡೆಯುವ ಒಳ್ಳೆಯ ಮಾಸ್ಕ್ ಇರಲಿ. ಹೊಸ ಲೈನರ್ ಕೊಳ್ಳುವಾಗ ಕಲ್ನಾರು ಇಲ್ಲದ್ದನ್ನೇ ಕೇಳಿ ತನ್ನಿ.

ಷೆಡ್ಡಿನಲ್ಲಿ ಕುಳಿತೇ ಕೆಟ್ಟದ್ದು

ಯಂತ್ರ ಓಡಿದರೆ ಸವೆಯುತ್ತದೆ, ನಿಂತರೆ ಕೊಳೆಯುತ್ತದೆ. ಟೈರುಗಳನ್ನೇ ನೋಡಿ. ಹೂವೆಲ್ಲ ಹೊಸದರಂತೆ ಕಾಣುತ್ತದೆ, ಆದರೆ ರಬ್ಬರ್ ಗಡುಸಾಗಿ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳೆದ್ದಿರುತ್ತವೆ. 2000ದಿಂದೀಚಿನ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ 2018ನೇ ಇಸವಿಯ 23ನೆಯ ವಾರ ತಯಾರಾದದ್ದೆಂದು ಅರ್ಥ. ಹತ್ತು ವರ್ಷ ದಾಟಿದ ಟೈರನ್ನು ಎಷ್ಟೇ ಚೆನ್ನಾಗಿ ಕಂಡರೂ ಬದಲಿಸುವುದು ಕ್ಷೇಮ. ಹಳೆಯ ಅಡ್ಡನೂಲಿನ ಟೈರು ಮತ್ತು ರೇಡಿಯಲ್ ಟೈರುಗಳನ್ನು ಒಂದೇ ಕಾರಿಗೆ ಬೆರೆಸಬೇಡಿ. ತಿರುವಿನಲ್ಲಿ ಎರಡರ ವರ್ತನೆ ಬೇರೆ ಬೇರೆ.

ಸ್ಟಿಯರಿಂಗ್ ಚಕ್ರ ಎರಡು ಮೂರು ಬೆರಳು ತಿರುಗಿದರೂ ಮುಂದಿನ ಗಾಲಿ ಅಲುಗದಿದ್ದರೆ ಕೀಲುಗಳು ಸವೆದಿವೆಯೆಂದೇ ತಿಳಿಯಬೇಕು. ಹಳೆಯ ಕಾರುಗಳ ಕೀಲುಗಳಿಗೆ ಆಗಾಗ್ಗೆ ಗ್ರೀಸ್ ಬೇಕು, ಅದಕ್ಕೆಂದೇ ನಿಪ್ಪಲುಗಳಿವೆ. ಹೊಸ ಕಾರುಗಳನ್ನಷ್ಟೇ ಕಂಡ ಹುಡುಗರಿಗೆ ಅವು ಇರುವುದೇ ತಿಳಿಯದು. ಮೇಲಿನ ಮಣ್ಣು ಕೆರೆದು ಹುಡುಕಿ, ಹಳೆಯ ಗ್ರೀಸ್ ಹೊರಬರುವವರೆಗೂ ಹೊಸದನ್ನು ಒತ್ತಿಸಿ. ಅಡಿಗೆ ನುಸುಳುವ ವಿದ್ಯಾರ್ಥಿಗಳಿಗೆ ಒಂದು ಕಟ್ಟುನಿಟ್ಟಿನ ಮಾತು: ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಕೂಡದು. ತುಕ್ಕು ತಿಂದ ತಳ ಜಾಕಿನ ಜಾಗದಲ್ಲೇ ಕುಸಿಯಬಹುದು. ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಇತರ ಚಕ್ರಗಳಿಗೆ ಅಡ್ಡಗಲ್ಲು ಇಡಿ. ಸಿಮೆಂಟ್ ಇಟ್ಟಿಗೆ ಒಮ್ಮೆಗೇ ಪುಡಿಯಾಗುತ್ತದೆ, ಅದು ಬೇಡ.

ವೈರಿಂಗಿನದು ಇನ್ನೊಂದು ಕತೆ. ಹಳೆಯ ತಂತಿಗಳ ಹೊದಿಕೆ ಒಣಗಿ ಉದುರುತ್ತದೆ. ಉಳಿದದ್ದನ್ನು ಇಲಿ ನೋಡಿಕೊಳ್ಳುತ್ತದೆ. ಫ್ಯೂಸುಗಳೂ ಬೆರಳೆಣಿಕೆಯಷ್ಟು. ಹೊದಿಕೆ ಬಿರಿದ ತಂತಿಗಳನ್ನು ಬದಲಿಸದೆ ಮೇಲೆ ಟೇಪು ಸುತ್ತುವುದು ಬೆಂಕಿಗೆ ಆಹ್ವಾನ. ಹೆಡ್‌ಲೈಟು ಮಂಕಾಗಿದ್ದರೆ ಬಲ್ಬನ್ನು ಬೈಯುವ ಮೊದಲು, ಬಲ್ಬಿನ ಹತ್ತಿರ ಎಷ್ಟು ವೋಲ್ಟ್ ಬರುತ್ತಿದೆಯೆಂದು ಮಲ್ಟಿಮೀಟರಿನಲ್ಲಿ ಅಳೆಯಿರಿ. ತುಕ್ಕಿನ ಜೋಡಣೆಗಳಿಂದಾಗಿ ವೋಲ್ಟೇಜ್ ಶೇಕಡಾ 10 ಇಳಿದರೆ ತಂತಿಬಲ್ಬಿನ ಬೆಳಕು ಸುಮಾರು ಶೇಕಡಾ 30ರಷ್ಟು ಕುಂದುತ್ತದೆ. ಒಂದು ರಿಲೇ ಹಾಕಿ, ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರವಾಗಿ ಕೊಟ್ಟರೆ ಹಳೆಯ ದೀಪವೂ ಚೆನ್ನಾಗಿ ಉರಿಯುತ್ತದೆ. ಎಲ್‌ಇಡಿ ದೀಪ ಹಾಕುವವರು ಒಂದನ್ನು ಗಮನಿಸಬೇಕು. 1950ರ ದಶಕದ ಅನೇಕ ಬ್ರಿಟಿಷ್ ಮೂಲದ ಕಾರುಗಳಲ್ಲಿ ಕಾರಿನ ಮೈಗೆ ಜೋಡಿಸಿರುವುದು ಬ್ಯಾಟರಿಯ ಧನಾಗ್ರವನ್ನು, ಇಂದಿನಂತೆ ಋಣಾಗ್ರವನ್ನಲ್ಲ. ಡಯೋಡಿನಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದಲ್ಲವೆ? ತಿರುಗುಮುರುಗಾದರೆ ಎಲ್‌ಇಡಿ ಹೊತ್ತುವುದೇ ಇಲ್ಲ.

ಪೆಟ್ರೋಲೂ ಬದಲಾಗಿದೆ

ಅಜ್ಜ ತುಂಬಿಸುತ್ತಿದ್ದ ಪೆಟ್ರೋಲು ಈಗ ಸಿಗುವುದಿಲ್ಲ. ಆ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವಿತ್ತು. ಅದು ವಿಷಕಾರಿ, ಮಕ್ಕಳ ಮಿದುಳಿಗೆ ಹಾನಿಕರ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂತು. ಒಳ್ಳೆಯದೇ ಆಯಿತು. ಆದರೆ ಹಳೆಯ ಎಂಜಿನ್ನುಗಳ ಎಗ್ಸಾಸ್ಟ್ ವಾಲ್ವ್ ಕೂರುವ ಜಾಗಕ್ಕೆ ಸೀಸವೇ ರಕ್ಷಣೆಯ ಲೇಪನವಾಗಿತ್ತು. ಎಂಜಿನ್ ಬಿಚ್ಚುವ ಸಂದರ್ಭ ಬಂದಾಗ ಆ ಜಾಗಕ್ಕೆ ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸುವುದು ಲೇಸು. ಇದಕ್ಕೆ ಆತುರವೇನಿಲ್ಲ.

ಆತುರವಿರುವುದು ಎಥನಾಲಿನ ವಿಷಯದಲ್ಲಿ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲೇ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ಅದು ಬಂಕುಗಳಲ್ಲಿ ಸರ್ವೇಸಾಮಾನ್ಯವಾಯಿತು. ಕಬ್ಬು, ಧಾನ್ಯಗಳಿಂದ ತಯಾರಾಗುವ ಎಥನಾಲಿನ ಲಾಭಗಳು ಏನೇ ಇರಲಿ, ಹಳೆಯ ಕಾರಿನ ರಬ್ಬರಿಗೆ ಅದು ಒಗ್ಗದು. ಪೆಟ್ರೋಲ್ ಪಂಪಿನೊಳಗಿನ ಪೊರೆ, ಕಾರ್ಬುರೇಟರಿನ ವಾಷರು, ಹೋಸು ಎಲ್ಲ ಊದಿಕೊಂಡು ಬಿರಿಯುತ್ತವೆ. ಕಾದ ಎಗ್ಸಾಸ್ಟ್ ಕೊಳವೆಯ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಎಥನಾಲ್ ಬ್ರೇಕ್ ಆಯಿಲಿನಂತೆಯೇ ನೀರಿನ ಗೆಳೆಯ ಕೂಡ. ತಿಂಗಳುಗಟ್ಟಲೆ ನಿಂತ ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ಅದರೊಡನೆ ಕೂಡಿ ತಳದಲ್ಲಿ ಬೇರೆ ಪದರವಾಗುತ್ತದೆ, ಉಕ್ಕಿನ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ಎಥನಾಲ್ ಅಣುವಿನಲ್ಲೇ ಆಮ್ಲಜನಕವಿರುವುದರಿಂದ, ಹಳೆಯ ಅಳತೆಯ ಜೆಟ್ ಇರುವ ಕಾರ್ಬುರೇಟರಿನಲ್ಲಿ ಇಂಧನದ ಪಾಲು ಕಡಿಮೆ ಬಿದ್ದಂತಾಗಿ ಎಂಜಿನ್ ಹೆಚ್ಚು ಕಾಯಬಹುದು. ಈ ಪೆಟ್ರೋಲಿಗೆ ತಕ್ಕ ಹೋಸು, ಹೊಸ ಪೊರೆ, ಒಂದು ಫಿಲ್ಟರು, ಬೇಕಿದ್ದರೆ ತುಸು ದೊಡ್ಡ ಜೆಟ್: ಬಣ್ಣದ ಖರ್ಚಿನ ಮುಂದೆ ಇವೆಲ್ಲ ಎಷ್ಟರವು? ಹಳೆಯ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಆದರೆ ರಬ್ಬರಿನದನ್ನೂ ಬ್ರೇಕಿನದನ್ನೂ ಗುಜರಿಯಿಂದ ತರಬೇಡಿ. ಡ್ರೈವರ್ ಸೀಟಿನ ಕೈಗೆಟಕುವಂತೆ ಒಣಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಒಂದಿರಲಿ.

ಮುಂದಿನ ಸೀಟಿನ ಮಗು

ಪದ್ಮಿನಿಯ ಮುಂದಿನ ಸೀಟು ಬೆಂಚಿನಂತೆ ಉದ್ದ. ಮೂವರು ಆರಾಮವಾಗಿ ಕೂರಬಹುದೆಂದು ಹಿಂದಿನವರು ಹೆಮ್ಮೆಯಿಂದ ಹೇಳುತ್ತಿದ್ದರು, ನಡುವೆ ಮಗು ನಿಂತೇ ಬರುತ್ತಿತ್ತು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರು ಡಿಕ್ಕಿ ಹೊಡೆದರೆ ಆ ಮಗು ಮುಂದಿನ ಕಬ್ಬಿಣಕ್ಕೆ ಬಡಿಯುವ ವೇಗ, ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರು ಅಂತಸ್ತಿನ ಮಹಡಿಯಿಂದ ಬಿದ್ದಷ್ಟು. ಮೂರು ಕಡೆ ಬಿಗಿಯುವ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಲಿನ್ ರೂಪಿಸಿದರೂ ನಮ್ಮ ಹಳೆಯ ಕಾರುಗಳಿಗೆ ಅದು ಬಂದಿರಲಿಲ್ಲ. ಈಗ ಜೋಡಿಸಬಹುದು. ಆದರೆ ತೆಳು ತಗಡಿಗೆ ತೂತು ಕೊರೆದು ಬೋಲ್ಟ್ ಹಾಕಿದರೆ ಡಿಕ್ಕಿಯಲ್ಲಿ ತಗಡು ಸಮೇತ ಕಿತ್ತು ಬರುತ್ತದೆ. ಹಿಂದೆ ದಪ್ಪ ಉಕ್ಕಿನ ಪಟ್ಟಿ ಕೊಟ್ಟು, ತುಕ್ಕಿಲ್ಲದ ಜಾಗ ನೋಡಿ, ಅನುಭವಸ್ಥರೇ ಮಾಡಬೇಕಾದ ಕೆಲಸ. ಬೆಲ್ಟ್ ಇಲ್ಲದ ಹಳೆಯ ಕಾರಿನಲ್ಲಿ ಚಿಕ್ಕ ಮಕ್ಕಳನ್ನು ಹೆದ್ದಾರಿಗೆ ಕರೆದೊಯ್ಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ದಿಬ್ಬಣದ ಸಡಗರ ಇದಕ್ಕೆ ಹೊರತಲ್ಲ.

ಕಾನೂನನ್ನೂ ತಿಳಿದಿರಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಿಸಬೇಕು. ನೋಂದಣಿ, ವಿಮೆ ಇಲ್ಲದ ಕಾರನ್ನು “ಇಲ್ಲೇ ದೇವಸ್ಥಾನದವರೆಗೆ” ಎಂದು ಹೊರತೆಗೆಯುವುದೂ ತಪ್ಪೇ. 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್ನುಗಳಲ್ಲಿ ಮಹತ್ತರ ಬದಲಾವಣೆಯಾಗದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಅವುಗಳ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಅಂಥ ಕಾರುಗಳನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ.

ಎಲ್ಲ ಸರಿಪಡಿಸಿದ ಮೇಲೆ ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಪ್ರಯೋಗವೊಂದುಂಟು. ಖಾಲಿ ಬಯಲಿರಲಿ, ಲೈಸೆನ್ಸ್ ಇರುವ ಹಿರಿಯರು ಸ್ಟಿಯರಿಂಗ್ ಹಿಡಿಯಲಿ, ಮಿಕ್ಕವರು ದೂರ ಪಕ್ಕಕ್ಕೆ ನಿಲ್ಲಲಿ. ನೆಲದ ಮೇಲೆ ಸುಣ್ಣದ ಗೆರೆ ಎಳೆಯಿರಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಂದು ಗೆರೆ ಮುಟ್ಟಿದೊಡನೆ ಬ್ರೇಕ್ ಹಾಕಿಸಿ, ಕಾರು ನಿಂತ ದೂರವನ್ನು ಟೇಪಿನಿಂದ ಅಳೆದು ಬರೆದುಕೊಳ್ಳಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಅನಂತರ 40 ಕಿ.ಮೀ. ವೇಗದಲ್ಲಿ. ಎರಡನೆಯ ದೂರ ಮೊದಲಿನದರ ಸುಮಾರು ನಾಲ್ಕರಷ್ಟು ಬರಬೇಕು. ಅದಕ್ಕಿಂತ ಬಹಳ ಹೆಚ್ಚು ಬಂದರೆ, ಇಲ್ಲವೇ ಕಾರು ಒಂದು ಬದಿಗೆ ಎಳೆದರೆ, ಅದು ಷೆಡ್ಡಿಗೇ ವಾಪಸು. ಡ್ರಮ್ಮು ಮತ್ತೆ ಬಿಚ್ಚಬೇಕು.